ಕೆಟ್ಟ ಬೆಲ್ ಹಾಗೇ ಇರಲಿ

ಮಹಡಿಮನೆಯ ಯಜಮಾನರಿಗೆ ನಮಸ್ಕಾರ.

ನಿಮ್ಮ ಬೆಲ್ ಕೆಟ್ಟಿದೆಯೆಂದು ನಿನ್ನೆ ಸಂಜೆ ಹೇಳಿದಿರಿ. ಎಲೆಕ್ಟ್ರೀಷಿಯನ್ ಕೆಳಗೇ ಬಾಡಿಗೆಗಿದ್ದಾನಲ್ಲ ಎಂದು ನಿಶ್ಚಿಂತರಾಗಿಯೂ ಇರುತ್ತೀರಿ. ಆದರೆ ಅದನ್ನು ಕೆಲವು ದಿನ ಹಾಗೇ ಬಿಡಲು ಅಪ್ಪಣೆ ಕೊಡಿ.

ಹೊರಗಿನವರೊಡನೆ ಮಾತಾಡಬೇಕೆಂದರೆ ನಮ್ಮ ಮಗಳು ಗುಬ್ಬಿಗೆ ಭಯ; ಅಮ್ಮನ ಬೆನ್ನ ಹಿಂದೆ ಅಡಗಿಬಿಡುತ್ತಾಳೆ. ‘ಇದಕ್ಕೆಲ್ಲ ಹೆದರ್ತಾರಾ?’ ಎಂದು ನಾನು ಗದರುತ್ತಿದ್ದೆ. ಅವಳಮ್ಮ ಅವಳ ಬದಲು ತಾನೇ ಮಾತಾಡಿಬಿಡುತ್ತಿದ್ದಳು. ‘ಎರಡೂ ಬೇಡ. ಭಯ ಆಗತ್ತೆ ಅನ್ನೋದನ್ನ ಒಪ್ಕೊಳ್ಳಿ, ಆದ್ರೆ ಚಿಕ್ಕಚಿಕ್ಕ ಕೆಲಸ ಅವಳೇ ಮಾಡ್ಲಿ’ ಎಂದರು ಅವಳ ಟೀಚರ್. ಹಾಗಾಗಿ ಬೆಳಿಗ್ಗೆ ಕೆಳಗೆ ಬಂದು ಬೀಳುವ ನಿಮ್ಮ ಪೇಪರನ್ನು ಮೇಲೆ ತಲುಪಿಸುವ ಕೆಲಸ ಅವಳ ಪಾಲಿಗೆ ಬಂತು. ಮೊದಮೊದಲು ಹೊಸ್ತಿಲಲ್ಲಿಟ್ಟು ಓಡಿಬರುತ್ತಿದ್ದಳು. ಆಮೇಲಾಮೇಲೆ ಬೆಲ್ ಒತ್ತಿ ನಿಮ್ಮ ಕೈಗೇ ಕೊಡತೊಡಗಿದಳು; ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ.

ಬೆಲ್ ಕೆಟ್ಟಿರುವುದನ್ನು ಅವಳಿಗೆ ಹೇಳಲು ನಾನು ಮರೆತಿದ್ದೆ. ಇವತ್ತು ಒತ್ತಿದಳು, ಸದ್ದಿಲ್ಲ. ಮೆಟ್ಟಿಲ ಕೆಳಗಿದ್ದ ಅವಳಮ್ಮ ಓಡಹೊರಟಳು. ನಾನು ಕೈಹಿಡಿದು ನಿಲ್ಲಿಸಿದೆ. ಆಮೇಲಿನದು ನಿಮಗೇ ಗೊತ್ತು. ಆದರೂ ಬರೆಯುವ ಖುಷಿಗೆ ಬರೆಯುತ್ತೇನೆ: ‘ತಾತಾ, ಪೇಪರ್! ಬೆಲ್ ಕೆಟ್ಟೋಗಿದೆ! ನಮ್ಮಪ್ಪಂಗೆ ಹೇಳಿ, ಸರಿ ಮಾಡ್ಕೊಡ್ತಾರೆ!’

ಇಡೀ ಕಟ್ಟಡಕ್ಕೆ ಕೇಳಿಸಿತು. ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಾಳೆ ಅವಳು ಬಂದಾಗ ದಯವಿಟ್ಟು ಹೊಗಳಬೇಡಿ, ಮಾಮೂಲಿನಂತೆ ಪೇಪರ್ ತೆಗೆದುಕೊಳ್ಳಿ. ಇನ್ನೊಂದು ಉಪಕಾರ: ಮೊದಲ ಕೂಗಿಗೇ ಬಾಗಿಲು ತೆರೆಯಬೇಡಿ. ಎರಡನೆಯದಕ್ಕಾಗಿ ನಾವಿಬ್ಬರೂ ಮೆಟ್ಟಿಲ ಕೆಳಗೆ ಕಾದಿರುತ್ತೇವೆ.

ಇಂತಿ,
ನಿಮ್ಮ ಕೆಳಮನೆಯ ಎಲೆಕ್ಟ್ರೀಷಿಯನ್, ಗುಬ್ಬಿಯ ಅಪ್ಪ