ಅವತ್ತು ಮನಸ್ಸು ಹೋದ ಜಾಗ

ನಮ್ಮ ಹೊಸ ಮನೆ, ಮೂರನೇ ಮಹಡಿ
ಜೂನ್ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಪುಸ್ತಕ ಬೈಂಡಿಂಗ್ ಅಂಗಡಿಯ ಮೇಲಿನ ನಿಮ್ಮ ಕೋಣೆಗೆ ಕಿಟಕಿ ಇದೆ ಎಂದಿರಿ, ಸಂತೋಷಪಟ್ಟೆ. ಅದರಿಂದ ಏನು ಕಾಣುತ್ತದೆ ಎಂದು ಕೇಳಿದರೆ "ಗೋಡೆ" ಎಂದಿರಿ! ಅಂಟು ಹತ್ತಿದ ಕೈಯಲ್ಲೇ ಬ್ರೆಡ್ಡು ತಿನ್ನಬೇಡಿ. ಬೈಯುವುದಕ್ಕೆ ಅಮ್ಮ ಇಲ್ಲದಿದ್ದರೇನು, ನಾನಿದ್ದೇನೆ. ಫೋನಿನಲ್ಲಿ ನೀವು ಎರಡೇ ನಿಮಿಷಕ್ಕೆ "ಹ್ಞೂಂ, ಇಡ್ಲಾ?" ಎಂದುಬಿಡುತ್ತೀರಿ. ಕಾಗದವನ್ನಾದರೆ ಪೂರ್ತಿ ಓದಲೇಬೇಕು. ಒತ್ತಕ್ಷರಗಳು ತಪ್ಪಿದ್ದರೆ ನಗಬೇಡಿ, ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದವರು ನೀವೇ.

ನಾನು ತುಂಬಾ ತುಂಬಾ ಚೆನ್ನಾಗಿದ್ದೇನೆ. ಮದುವೆಯಾಗಿ ಹತ್ತು ವಾರವಾಯಿತು ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಹಳದಿ ಪರದೆ ಹಾಕಿದ್ದೇವೆ, ಬೆಳಿಗ್ಗೆ ಇಡೀ ಮನೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಅಳಿಯ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುತ್ತಾರೆ, ನಮ್ಮ ಕಟ್ಟಡದಲ್ಲಿ ಮಾತ್ರ ಲಿಫ್ಟೇ ಇಲ್ಲ! ಮೂರು ಮಹಡಿ ಹತ್ತಿ ಬಂದು, ಬಾಗಿಲಲ್ಲಿ ಏದುಸಿರು ಬಿಡುತ್ತ, "ನನ್ನ ಹೆಸರಿಗೆ ಒಂದು ಕಂಪ್ಲೇಂಟ್ ಬರ್ಕೋ" ಎನ್ನುತ್ತಾರೆ. ಒಳ್ಳೆಯವರು ಅಪ್ಪಾ. ನಾನು ಬಾಯಿ ಮುಚ್ಚದೆ ಹರಟಿದರೂ ಕೇಳಿಸಿಕೊಳ್ಳುತ್ತಾರೆ, ಕನಿಷ್ಠ ಹಾಗೆ ನಟಿಸುತ್ತಾರೆ.

ಸಂಜೆ ಊಟಕ್ಕೆ ಮೊದಲು ನಾವಿಬ್ಬರೂ ಪ್ರಾರ್ಥನೆಗೆ ಮೊಣಕಾಲೂರುತ್ತೇವೆ. ಮೊದಲನೇ ದಿನ ಆಮೆನ್ ಎಂದಕೂಡಲೇ, ಅಭ್ಯಾಸಬಲದಿಂದ, ನೀವು ಕೇಳುತ್ತಿದ್ದ ಹಾಗೆಯೇ ಕೇಳಿಬಿಟ್ಟೆ: "ಮನಸ್ಸು ಎಲ್ಲಿಗೆ ಹೋಗಿತ್ತು?" ಪಾಪ, ಬೆಚ್ಚಿಬಿದ್ದರು. "ನಿಮ್ಮಪ್ಪ ಪ್ರಾರ್ಥನೆಗೂ ಹಾಜರಿ ತಗೋತಿದ್ರಾ?" ಎಂದರು. ಆಮೇಲೆ, ಯಾವುದೋ ಬ್ಯಾಂಕಿನ ಐದನೇ ಮಹಡಿಯಲ್ಲಿ ಬಾಗಿಲು ತೆರೆಯದ ಲಿಫ್ಟಿಗೆ ಹೋಗಿತ್ತು ಎಂದು ಒಪ್ಪಿಕೊಂಡರು. ನಾನು ನಿಮ್ಮ ಮಾತನ್ನೇ ಹೇಳಿದೆ: "ಸರಿ, ಅದನ್ನೂ ಕರ್ಕೊಂಡು ಬಾ. ಇಲ್ಲೇ ಪಕ್ಕದಲ್ಲಿ ಕೂರಿಸು." ನೆನಪಿದೆಯೇ ಅಪ್ಪಾ? ಎರಡನೇ ಕ್ಲಾಸಿನಲ್ಲಿ ನನ್ನ ಮನಸ್ಸು ಪಕ್ಕದ ಮನೆಯ ಬೆಕ್ಕಿನ ಹತ್ತಿರ ಹೋಗಿತ್ತು. ನೀವು ಬೈಯಲಿಲ್ಲ. ಇನ್ನೊಮ್ಮೆ ಕಣ್ಣು ಮುಚ್ಚಿಸಿ, ಆ ಬೆಕ್ಕಿನ ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದಿರಿ. ಅಮ್ಮ ಮುಸಿಮುಸಿ ನಗುತ್ತಿದ್ದಳು.

ಈಗ ನನಗೇ ಮನಸ್ಸು ನಿಲ್ಲಿಸಲು ಆಗುತ್ತಿಲ್ಲ. ಕಣ್ಣು ಮುಚ್ಚಿದರೆ ಕುಕ್ಕರು, ಪರದೆ, ಯಾರದೋ ಮದುವೆಯ ಫೋಟೋ. ಅವನ್ನೆಲ್ಲ ಒಂದೊಂದಾಗಿ ಕರೆದು ಪಕ್ಕದಲ್ಲಿ ಕೂರಿಸುತ್ತೇನೆ, ಅಷ್ಟರಮಟ್ಟಿಗೆ ನಿಮ್ಮ ಮಗಳು ನಾನು. ಆದರೆ ಕೊನೆಗೆ ಮನಸ್ಸು ಹೋಗಿ ನಿಲ್ಲುವುದು ಚರ್ಚಿನ ಮೆಟ್ಟಿಲ ಮೇಲೆ. ನನ್ನ ಮದುವೆಯ ದಿನ ನೀವು ನನ್ನ ಕೈ ಹಿಡಿದು ಆ ಮೆಟ್ಟಿಲತನಕ ಬಂದಿರಿ. ಅಲ್ಲಿ ನನ್ನ ಕೈಯನ್ನು ದೊಡ್ಡಪ್ಪನ ಕೈಗೆ ಕೊಟ್ಟು, "ನೀವು ನಡೀರಿ, ನಾನು ಕಾರಿನ ಹತ್ತಿರ ಇರ್ತೀನಿ" ಎಂದಿರಿ. ಹೋಗುವ ಮೊದಲು ನನ್ನ ಬಿಳಿ ಷೂ ನೋಡಿ, "ಚೆನ್ನಾಗಿವೆ ಗುಬ್ಬಿ" ಎಂದಿರಿ. ಒಳಗೆ ನನಗೆ ಸಿಕ್ಕ ಕೀರ್ತನೆ ಪುಸ್ತಕಕ್ಕೆ ರಟ್ಟೇ ಇರಲಿಲ್ಲ, ಎರಡನೇ ಚರಣದ ಹಾಳೆ ಉದುರಿಹೋಗಿತ್ತು. ಚರ್ಚಿನ ಪುಸ್ತಕಗಳನ್ನು ಹೊಲಿದು ಕೊಡುತ್ತಿದ್ದವರು ಹೊರಗೆ ಕಾರಿನ ಹತ್ತಿರ ನಿಂತಿದ್ದರಲ್ಲ.

ನಿಮ್ಮ ಕೋಪ ನನಗೆ ಗೊತ್ತು. ಅಮ್ಮನ ಆಪರೇಷನ್ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಾವಿಬ್ಬರೂ ಮೂರು ಗಂಟೆ ಪ್ರಾರ್ಥಿಸಿದೆವು. ಡಾಕ್ಟರು ಇನ್ನೂ ಹೊರಗೆ ಬಂದಿರಲಿಲ್ಲ, ನೀವು ಮೆಲ್ಲಗೆ ಕೇಳಿದಿರಿ, ಮನಸ್ಸು ಎಲ್ಲಿಗಾದರೂ ಹೋಗಿತ್ತಾ ಎಂದು. ಎಲ್ಲಿಗೂ ಇಲ್ಲ ಎಂದೆ. "ನಂದೂ ಹೋಗ್ಲಿಲ್ಲ. ಇದೇ ಮೊದಲು" ಎಂದಿರಿ. ನಿಮ್ಮ ಮುಖದಲ್ಲಿ ಎಂಥ ಧೈರ್ಯವಿತ್ತು! ಆಮೇಲೆ ಬಾಗಿಲು ತೆರೆಯಿತು, ಅಮ್ಮ ಇಲ್ಲ ಎಂದರು.

ಮಣ್ಣು ಮಾಡಿ ಬಂದ ವಾರ ಪಾದ್ರಿಗಳು ಮನೆಗೆ ಬಂದಿದ್ದರು. ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ. ನೀವು ಅವರಿಗೆ ಹೇಳಿದಿರಿ: "ಅಯ್ಯನವರೇ, ಅವತ್ತು ನಾನು, ನನ್ನ ಮಗಳು, ಒಂದು ಕ್ಷಣ ಆಚೀಚೆ ಹೋಗ್ದೆ ಕೇಳಿದ್ವಿ. ಅದಕ್ಕಿಂತ ಚೆನ್ನಾಗಿ ಕೇಳೋಕೆ ನನಗೆ ಬರಲ್ಲ. ಅದನ್ನೇ ಕೇಳಿಸ್ಕೊಳ್ಳದವನ ಹತ್ರ ಇನ್ನೇನು ಮಾತು?" ಅಂದಿನಿಂದ ನೀವು ಮೊಣಕಾಲೂರಿಲ್ಲ. ಆ ಮಾತು ಕೇಳಿ ನಾನು ಟೀ ಕೊಡುವುದನ್ನೇ ಮರೆತಿದ್ದೆ, ಕೈ ಸೋತಿದೆ ಎಂದು ನೀವು ನನ್ನಿಂದ ತಟ್ಟೆ ತೆಗೆದುಕೊಂಡಿರಿ.

ಇರಲಿ. ಬಿಡುವಾದಾಗ ಎರಡು ದಿನ ಬನ್ನಿ. ಮೆಟ್ಟಿಲು ನಿಧಾನವಾಗಿ ಹತ್ತಿದರಾಯಿತು, ನಡುವೆ ಕೂರಲು ಕುರ್ಚಿ ಇಡಿಸುತ್ತೇನೆ. ನಿಮ್ಮ ಅಳಿಯ ನಮಸ್ಕಾರ ತಿಳಿಸಿದ್ದಾರೆ. ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ ಹಾಗೆ, ಈಗ ಮಗಳಾದ ನಾನೇ ನಿಮಗೆ ಹೇಳುತ್ತೇನೆ: ದೇವರು ನಿಮ್ಮನ್ನು ಕಣ್ಣಲ್ಲಿಟ್ಟು ಕಾಯಲಿ.

ನಿಮ್ಮ,
ಗುಬ್ಬಿ

ತಾ.ಕ.: ಇವರು ಅಂಚೆಗೆ ಹಾಕಲು ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಅವತ್ತು ಕಾರಿಡಾರಿನಲ್ಲಿ ನನ್ನ ಮನಸ್ಸು ಹೋಗಿತ್ತು ಅಪ್ಪಾ. ಹಿಂದಿನ ದಿನ ಅಂಗಡಿಯಲ್ಲಿ ಮದುವೆಗೆಂದು ನೋಡಿದ್ದ ಬಿಳಿ ಷೂ ಹತ್ತಿರ. ಒಂದು ಕ್ಷಣವಲ್ಲ, ತುಂಬಾ ಹೊತ್ತು. ಹೀಲ್ಸ್ ಎತ್ತರವಾಯಿತೇನೋ ಎಂದು ಲೆಕ್ಕಹಾಕುತ್ತಿದ್ದೆ, ಒಳಗೆ ಅಮ್ಮ ಇದ್ದಳು. ನಿಮಗೆ ಸುಳ್ಳು ಹೇಳಿದೆ. ಅದಕ್ಕೇ ಅಮ್ಮ ಹೋದಳೋ ಏನೋ ನನಗೆ ಗೊತ್ತಿಲ್ಲ, ಕೇಳಲು ಭಯ. ಆದರೆ ಆ ಪ್ರಾರ್ಥನೆ ನೀವು ಅಂದುಕೊಂಡ ಹಾಗೆ ಇರಲಿಲ್ಲ, ಕೋಪ ಮಾಡಿಕೊಳ್ಳುವುದಾದರೆ ನನ್ನ ಮೇಲೆ ಮಾಡಿಕೊಳ್ಳಿ, ದೇವರ ಜೊತೆ ಮಾತು ಬಿಡಬೇಡಿ. ಅದೇ ಷೂ ಈಗ ಪೆಟ್ಟಿಗೆಯಲ್ಲಿದೆ, ಮದುವೆಯ ದಿನದ ನಂತರ ಮುಟ್ಟಿಲ್ಲ. ಅದನ್ನು ಒಬ್ಬಳೇ ಕರೆದುಕೊಂಡು ಹೋಗಿ ಅವನ ಮುಂದೆ ಕೂರಿಸಲು ನನ್ನಿಂದ ಆಗುತ್ತಿಲ್ಲ. ನೀವು ಪಕ್ಕದಲ್ಲಿ ಮೊಣಕಾಲೂರಿದರೆ ಆಗಬಹುದು.