ಲಿಫ್ಟ್ ಪಕ್ಕದ ಪಟ್ಟಿ

ನೋಯ್ಡಾ
14 ನವೆಂಬರ್ 2024

ಪ್ರೀತಿಯ ಜಲಜಕ್ಕಾ,

ನಾವೆಲ್ಲ ಚೆನ್ನಾಗಿದ್ದೇವೆ ಅಂತ ಶುರು ಮಾಡೋಣವೆಂದರೆ ಕೈ ಏಳುತ್ತಿಲ್ಲ. ಫೋನು ಮಾಡಿದರೆ ಇವರ ಕಿವಿಗೆ ಬಿದ್ದೀತು, ಅದಕ್ಕೇ ಕಾಗದ. ಓದಿದ ಮೇಲೆ ಹರಿದು ಹಾಕು.

ನಮ್ಮ ಅಪಾರ್ಟ್‌ಮೆಂಟಿನ ಸೊಸೈಟಿಯವರು ಫಾರಂ ತಂದು, ಪ್ರತಿ ಮನೆಯ ಗಂಡಸರ ಹೆಸರು, ಓದು, ಕೆಲಸ ಬರೆಸಿಕೊಂಡು, ಪಟ್ಟಿಯನ್ನು ಲಿಫ್ಟಿನ ಪಕ್ಕ ಅಂಟಿಸಿದ್ದಾರೆ ಎಂದಿದ್ದೆನಲ್ಲ. ಅದರಲ್ಲಿ ಇವರ ಹೆಸರು, ‘ಬಿದ್ದಯ್ಯ’ ಅನ್ನುವುದರ ಮುಂದೆ ಬಿ.ಎ. ಅಂತಿದೆ. ನಿಶಿತಾ ಅವಸರದಲ್ಲಿ ತಪ್ಪು ಬರೆದಳು ಅಂತ ನಿನಗೆ ಹೇಳಿದ್ದೆ. ಪಾಪ, ಮಗಳ ಮೇಲೆ ಯಾಕೆ ಹಾಕಲಿ? ಬರೆದದ್ದು ನಾನೇ. ಅಕ್ಕಪಕ್ಕದ ಮನೆಯವರು ಆಗಲೇ ತುಂಬಿದ್ದರು: ಎಂ.ಟೆಕ್., ಎಂ.ಬಿ.ಎ., ಸಿ.ಎ. ಅವುಗಳ ಕೆಳಗೆ ಹತ್ತನೇ ತರಗತಿ ಅಂತ ಬರೆಯಲು ಮನಸ್ಸು ಬರಲಿಲ್ಲ.

ಇವರು ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಒಂದು ಸುಳ್ಳಿಗೂ ಸಹಿ ಹಾಕಿದವರಲ್ಲ. ಇಂದಿಗೂ ಐದನೇ ಮಹಡಿಗೆ ಮೆಟ್ಟಿಲಲ್ಲೇ ಹತ್ತುತ್ತಾರೆ, ಲಿಫ್ಟಿನ ಕಡೆ ಹೋಗುವುದೇ ಇಲ್ಲ. ಅದೇ ನನಗಿದ್ದ ಧೈರ್ಯ. ನಾನೂ ಆ ಪಟ್ಟಿಗೆ ಮುಖ ಕೊಡಲಾಗದೆ ಹಿಂಬದಿಯ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಓಡಾಡುತ್ತಿದ್ದೇನೆ.

ಮೊನ್ನೆ ಗ್ರಹಚಾರ ವಕ್ಕರಿಸಿತು. ಕಾರ್ಯದರ್ಶಿ ದತ್ತಾತ್ರೇಯ ಬಂದು, ನೀರಿನ ಟ್ಯಾಂಕರ್ ಗಲಾಟೆ ನಿಲ್ಲಿಸಿದವರು ನೀವು, ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿಯೇ ಬಂದೆ, ಅಧ್ಯಕ್ಷಗಿರಿಗೆ ನಿಲ್ಲಿ ಅಂದರು. ಇವರು ಅಚ್ಛಾ ಅಂದುಬಿಟ್ಟರು! ಭಾನುವಾರ ಸಭೆಯಲ್ಲಿ ನಿಂತವರ ಓದನ್ನೂ ಮೈಕಿನಲ್ಲಿ ಹೇಳುತ್ತಾರಂತೆ. ಇವರು ಬ್ಲೇಜರನ್ನು ತಾವೇ ಇಸ್ತ್ರಿ ಮಾಡಿ ನೇತುಹಾಕಿದ್ದಾರೆ. ಬಿ.ಎ. ಅಂದ ಕೂಡಲೇ ಇವರು ಎದ್ದು, ಅಲ್ಲ ಅಂದೇ ಅನ್ನುತ್ತಾರೆ. ಜನ ನಕ್ಕರೆ ನಗಲಿ. ಆಮೇಲೆ ತಿರುಗಿ ನನ್ನ ಮುಖ ನೋಡುತ್ತಾರಲ್ಲ ಅಕ್ಕಾ, ಅದಕ್ಕೆ ಹೆದರಿ ಸಾಯುತ್ತಿದ್ದೇನೆ. ಕಟ್ಟಿಕೊಂಡ ಹೆಂಡತಿಯೇ ತಮ್ಮ ಓದಿಗೆ ನಾಚಿಕೊಂಡಳು ಅಂತ ಅಷ್ಟು ಜನರ ನಡುವೆ ತಿಳಿಯಬೇಕೆ?

ಇವತ್ತು ಬೆಳಿಗ್ಗೆ, ಮಂಡಿ ನೋವು, ಇನ್ನು ಲಿಫ್ಟೇ ಗತಿ ಅಂದರು. ನನ್ನ ಕೈಯ ಲೋಟ ಜಾರಿ ಬಿತ್ತು. ಇವರೇ ಬಟ್ಟೆ ತಂದು ಒರೆಸಿದರು. ಆಗಲೇ ಹೇಳಿಬಿಡಬೇಕಿತ್ತು, ಬೇರೆ ಲೋಟ ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನಿನ್ನ ಪುಕ್ಕಲು ತಂಗಿ,
ಸರಸು

ತಾ.ಕ.: ಕಾಗದ ಅಂಚೆಗೆ ಹಾಕಲು ಇಳಿದವಳು ಧೈರ್ಯ ಮಾಡಿ ಪಟ್ಟಿಯ ಮುಂದೆ ನಿಂತೆ. ಬಿ.ಎ. ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದಿದೆ. ಪಕ್ಕದಲ್ಲಿ ಇವರದೇ ಕೈಬರಹ: ಹತ್ತನೇ ತರಗತಿ. ಕೆಳಗೆ ಸಹಿ, ತಾರೀಖು ನವೆಂಬರ್ ನಾಲ್ಕು. ಹತ್ತು ದಿನದಿಂದ ನಾನು ಕೊಟ್ಟ ಕಾಫಿ ಕುಡಿಯುತ್ತಿದ್ದಾರೆ, ಒಂದು ಮಾತೂ ಎತ್ತಿಲ್ಲ. ಇಲ್ಲೇ ಕೆಳಗೆ ಕೂತು ಇಷ್ಟನ್ನು ಸೇರಿಸುತ್ತಿದ್ದೇನೆ, ಮನೆಗೆ ಹೋಗಲು ಕಾಲೇ ಬರುತ್ತಿಲ್ಲ ಅಕ್ಕಾ.