ಇಂಗ್ಲಿಷಿನಲ್ಲಿ ಅವನು ಚೆನ್ನಾಗಿದ್ದಾನೆ

ಮಾನ್ಯ ಜಿಲ್ಲಾ ಶಿಕ್ಷಣ ನಿರ್ದೇಶಕರೇ,

ಮಕ್ಕಳ ಇಂಗ್ಲಿಷ್ ಪ್ರಬಂಧಗಳಲ್ಲಿ ಒಂದೇ ಒಂದು ತಪ್ಪನ್ನೂ ಬಿಡದೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಬೇಕು, ಹಾಕದ ಶಿಕ್ಷಕರು ಲಿಖಿತ ವಿವರಣೆ ಕೊಡಬೇಕು ಎಂಬ ತಮ್ಮ ಸುತ್ತೋಲೆಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಇದನ್ನೇ ಕೋರಿ ಹಿಂದೆ ಸಲ್ಲಿಸಿದ ಅರ್ಜಿಗಳಿಗೆ ಉತ್ತರ ಬಂದಿಲ್ಲ. ಬಹುಶಃ ಅವುಗಳಲ್ಲಿ ತಪ್ಪು ಹುಡುಕುವ ಕೆಲಸ ತಮ್ಮ ಕಚೇರಿಯಲ್ಲಿ ಇನ್ನೂ ಮುಗಿದಿಲ್ಲ. ಹಾಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಸೋಮಾರಿ ಎಂದು ತಮ್ಮ ಪರಿವೀಕ್ಷಕರ ಅಭಿಪ್ರಾಯ. ದಣಿದಿರುವುದು ನಿಜ. ಆದರೆ ಸುತ್ತು ಹಾಕಿ ಹಾಕಿ ದಣಿದದ್ದು ಕೈಯಲ್ಲ, ಮನಸ್ಸು. ಅದು ಹೇಗೆಂದು ಹೇಳುತ್ತೇನೆ.

ನನ್ನ ತರಗತಿಯಲ್ಲಿ ಡುಫಿ ಎಂಬ ಹುಡುಗಿ ಇದ್ದಾಳೆ. ಬಾಯಿ ಬಿಡುವವಳಲ್ಲ. 'ನಮ್ಮ ಮನೆಯ ಒಂದು ಘಟನೆ' ಬರೆಯಿರಿ ಎಂದಾಗ ಮೂರು ಪುಟ ತುಂಬಿಸಿ ತಂದಳು. ಹೆರಿಗೆ ನೋವು ಬಂದ ತಾಯಿಯನ್ನು ಟ್ರೋಟ್ರೋ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ವ್ಯಾನು ದಿಬ್ಬದಲ್ಲಿ ಕೆಟ್ಟು ನಿಂತಿತಂತೆ. ಹೆಂಗಸರು ತಮ್ಮ ಮೇಲುಬಟ್ಟೆ ಬಿಚ್ಚಿ ಸುತ್ತ ಮರೆ ಹಿಡಿದರಂತೆ. ಡ್ರೈವರು ಬೆನ್ನು ತಿರುಗಿಸಿ ಕೂತು ಚರ್ಚಿನ ಹಾಡನ್ನು ಗಟ್ಟಿಯಾಗಿ ಹಾಡಿದನಂತೆ. ಅವಳ ತಮ್ಮ ಹುಟ್ಟಿ ಅತ್ತಾಗ ಒಬ್ಬಾಕೆ, "ಇವನಿಗೂ ಟಿಕೆಟ್ ತಗೋಬೇಕೇನಪ್ಪಾ?" ಎಂದು ಕಂಡಕ್ಟರನನ್ನು ಕೇಳಿದಳಂತೆ. ಸಾಲು ಸಾಲಿಗೂ ತಪ್ಪಿತ್ತು, ಸ್ವಾಮಿ. ಆದರೂ ತಟ್ಟೆಯಲ್ಲಿದ್ದ ಕೆಂಕೆ ಮುದ್ದೆ ಆರಿ ಹೋಗುವವರೆಗೂ ನಾನು ಅದನ್ನೇ ಓದುತ್ತಾ ಕೂತಿದ್ದೆ.

ಆಮೇಲೆ ತಮ್ಮ ಆಜ್ಞೆ ಪಾಲಿಸಿದೆ. ಅವಳ ನೀಲಿಗಿಂತ ನನ್ನ ಕೆಂಪೇ ಹೆಚ್ಚಾಯಿತು. ಡುಫಿ ಪುಟ ತಿರುವಿ ನೋಡಿದಳು, ಮುಚ್ಚಿಟ್ಟಳು. ಮುಂದಿನ ಪ್ರಬಂಧದಲ್ಲಿ ಅವಳು ಬರೆದದ್ದು ಇಷ್ಟು: ನನ್ನ ಹೆಸರು ಡುಫಿ. ನನಗೆ ಒಬ್ಬ ತಮ್ಮ ಇದ್ದಾನೆ. ಅವನು ಚೆನ್ನಾಗಿದ್ದಾನೆ. ವಂದನೆಗಳು.

ಒಂದೂ ತಪ್ಪಿರಲಿಲ್ಲ. ತಮ್ಮ ಪರಿವೀಕ್ಷಕರು ಅದರ ಕೆಳಗೆ 'ಶ್ಲಾಘನೀಯ ಪ್ರಗತಿ' ಎಂದು ಬರೆದು ಸಹಿ ಹಾಕಿದರು.

ಅವಳನ್ನು ಕರೆದು ತಮ್ಮನ ವಿಚಾರ ಕೇಳಿದೆ. ನಮ್ಮ ಟ್ವಿ ಭಾಷೆಯಲ್ಲಿ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. "ಕೋಳಿ ಕಂಡ್ರೆ ಸಾಕು ಮೇಡಂ, ಅದರ ಹಿಂದೇನೇ ತೆವಳ್ಕೊಂಡು ಹೋಗ್ತಾನೆ. ಅಜ್ಜಿ ಮೂಗು ಹಿಡಿದ್ರೆ ಬಿಡೋದೇ ಇಲ್ಲ."

"ಇದನ್ನೇ ಬರಿಯಮ್ಮ."

"ಬೇಡ ಮೇಡಂ. ಇಂಗ್ಲಿಷಲ್ಲಿ ಅವನು ಚೆನ್ನಾಗಿದ್ದಾನೆ. ಅಷ್ಟು ಸಾಕು."

ಇದಕ್ಕೆ ಯಾವ ಬಣ್ಣದ ಶಾಯಿಯಲ್ಲಿ ಸುತ್ತು ಹಾಕಲಿ, ತಾವೇ ಹೇಳಿ.

ಕಳೆದ ವರ್ಷ ತಾವು ನಮ್ಮೂರಿನ ಅರಸರ ಸಭೆಗೆ ಬಂದಿದ್ದಿರಿ. ಬೇರೆ ಸೀಮೆಯವರಾದರೂ ಟ್ವಿಯಲ್ಲೇ ಮಾತಾಡಿದಿರಿ. ಆ ಧೈರ್ಯ ನನಗೆ ಇಷ್ಟವಾಯಿತು. ಭಾಷೆಯ ಪಾಡು ಹೇಳುವಂತಿರಲಿಲ್ಲ. ನಾನು ತುಟಿ ಕಚ್ಚಿ ಕೂತಿದ್ದಾಗ ಪಕ್ಕದಲ್ಲಿದ್ದ ಚಿಕ್ಕಮ್ಮ ತಿವಿದರು: "ನಗಬೇಡ ಕಣೇ. ಪಾಪ, ಮನಸ್ಸಿಟ್ಟು ಮಾತಾಡ್ತಿದ್ದಾರೆ."

ಅರಸರ ಮುಂದೆ ಯಾರ ಮಾತೂ ನೇರ ಹೋಗುವುದಿಲ್ಲವಲ್ಲ. ಕೋಲು ಹಿಡಿದು ನಿಂತ ಅರಸರ ವಕ್ತಾರ ಒಚಿಯಾಮೆ ತಮ್ಮ ಮಾತನ್ನೆಲ್ಲ ಕೇಳಿಸಿಕೊಂಡು, "ಒಡೆಯರೇ, ಅತಿಥಿಗಳು ಹೇಳೋದು ಏನಂದ್ರೆ..." ಎಂದು ಅದನ್ನೇ ಚೊಕ್ಕವಾಗಿ ಮತ್ತೆ ಹೇಳಿದರು. ತಪ್ಪಾಯಿತು ಎಂದು ಯಾರೂ ಬೆರಳು ತೋರಿಸಲಿಲ್ಲ. ತಾವು ಕಿವಿಗೊಟ್ಟು ಕೇಳಿ, ಮುಂದಿನ ಮಾತಿಗೆ ಒಚಿಯಾಮೆಯ ಪದಗಳನ್ನೇ ಬಳಸಿದಿರಿ. ಕಡೆಕಡೆಗೆ ತಮ್ಮ ಟ್ವಿ ಎಷ್ಟೋ ಸುಧಾರಿಸಿತ್ತು. ಅರಸರು ಮೆಚ್ಚಿ ಕುರಿ ಕೊಟ್ಟರು. ಅಂದು ಮಾತು ಮಾತಿಗೂ ತಡೆದು ತಿದ್ದಿದ್ದರೆ ತಾವು ಎರಡನೆಯ ವಾಕ್ಯಕ್ಕೆ ಬಾಯಿ ತೆರೆಯುತ್ತಿದ್ದಿರಾ?

ತಮಗೆ ದೊರೆತ ಆ ಮರ್ಯಾದೆ ಡುಫಿಗೂ ದೊರೆಯಲಿ. ಒಂದು ಪ್ರಬಂಧದಲ್ಲಿ ಒಂದು ಬಗೆಯ ತಪ್ಪನ್ನಷ್ಟೇ ಗುರುತಿಸುತ್ತೇನೆ. ಮಿಕ್ಕದ್ದಕ್ಕೆ, ಅವಳು ಹೇಳಹೊರಟಿದ್ದನ್ನೇ ಸರಿಯಾದ ಇಂಗ್ಲಿಷಿನಲ್ಲಿ ಕೆಳಗೆ ಉತ್ತರವಾಗಿ ಬರೆಯುತ್ತೇನೆ. ಅದಕ್ಕೆ ಅನುಮತಿ ಕೊಡಿ. ಕೊಡದಿದ್ದರೂ ನಾಳೆಯಿಂದ ನಾನು ಮಾಡುವುದು ಅದನ್ನೇ. ನೋಟಿಸು ಕಳಿಸುವ ತೊಂದರೆ ಬೇಡ, ಈ ಪತ್ರವನ್ನೇ ನನ್ನ ಲಿಖಿತ ವಿವರಣೆ ಎಂದು ತಿಳಿಯಿರಿ.

ಡುಫಿಯ ತಮ್ಮ ಈಗ ಎದ್ದು ನಿಲ್ಲುತ್ತಾನಂತೆ, ಬೀಳುತ್ತಾನಂತೆ, ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರಂತೆ. ಅದನ್ನು ಅವಳ ತಪ್ಪುತಪ್ಪು ಇಂಗ್ಲಿಷಿನಲ್ಲಿ ಓದಬೇಕೆಂದು ನನಗೆ ಬಹಳ ಆಸೆಯಿದೆ.

ಇಂತಿ,
ಕೆಂಪು ಪೆನ್ನನ್ನು ಮೇಜಿನ ಖಾನೆಯಲ್ಲಿಟ್ಟು ನೀಲಿಯಲ್ಲಿ ಸಹಿ ಮಾಡುತ್ತಿರುವ,
ಅಫುವಾ ಕೊನಾಡು
ಇಂಗ್ಲಿಷ್ ಶಿಕ್ಷಕಿ, ಸದ್ಯಕ್ಕೆ